ನಕಲಪ್ಪನವರ ನಿಜ ನಕಲು

ನಕಲಪ್ಪನವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಹಾಜರಿ ಪುಸ್ತಕದಲ್ಲಿ ಅದು ಈಗಲೂ ಇದೆ. ಆದರೆ ದಾಖಲೆ ಕಚೇರಿಯ ನಕಲು ವಿಭಾಗದಲ್ಲಿ ಇಪ್ಪತ್ತಾರು ವರ್ಷ ಒಂದೇ ಕುರ್ಚಿಯಲ್ಲಿ ಕೂತು, ಮುಟ್ಟಿದರೆ ಪುಡಿಯಾಗುವ ಹಳೆಯ ಕಡತಗಳನ್ನು ನೋಡಿ ಕೈಯಲ್ಲೇ ನಕಲು ಬರೆದು, ಕೆಳಗೆ 'ಮೂಲದೊಂದಿಗೆ ಹೋಲಿಸಿ ನೋಡಿದೆ, ನಿಜ ನಕಲು' ಎಂಬ ಮೊಹರು ಒತ್ತಿ ಸಹಿ ಹಾಕಿದವರಿಗೆ ಬೇರೆ ಹೆಸರು ಉಳಿಯುವುದಾದರೂ ಹೇಗೆ? ಅಟೆಂಡರಿನಿಂದ ಸಾಹೇಬರವರೆಗೆ ಎಲ್ಲರ ಬಾಯಲ್ಲೂ ಅವರು ನಕಲಪ್ಪ. ಅವರ ನಕಲಿನಲ್ಲಿ ಒಂದಕ್ಷರ ತಪ್ಪಿದ ಉದಾಹರಣೆ ಇಲ್ಲ. ಮೂಲದಲ್ಲಿ ಶಾಯಿ ಚೆಲ್ಲಿದ್ದರೆ ನಕಲಿನಲ್ಲಿ ಅದೇ ಜಾಗಕ್ಕೆ 'ಇಲ್ಲಿ ಶಾಯಿ ಚೆಲ್ಲಿದೆ' ಎಂದು ಬರೆಯುವಷ್ಟು ಪ್ರಾಮಾಣಿಕರು.

ಇಂಥವರನ್ನು ಕವಿಯಾಗಿ ಮಾಡಿದ್ದು ಗೋಡೆ ಪತ್ರಿಕೆ.

ಹೊಸದಾಗಿ ಬಂದ ಸಾಹೇಬರಿಗೆ ಸಾಹಿತ್ಯದ ಹುಚ್ಚು. ಪ್ರತಿ ವಿಭಾಗದವರೂ ಸೋಮವಾರದೊಳಗೆ ಏನಾದರೊಂದು ಬರಹ ಗೋಡೆಗೆ ಅಂಟಿಸಬೇಕು ಎಂದು ಸುತ್ತೋಲೆ ಹೊರಡಿಸಿದರು. ಭೂನಕ್ಷೆಯವರು ಒಗಟು ಅಂಟಿಸಿದರು. ಜನನ ಮರಣ ವಿಭಾಗದ ಮೇಡಂ 'ಆರೋಗ್ಯವೇ ಭಾಗ್ಯ' ಎಂಬ ಲೇಖನ ಅಂಟಿಸಿದರು. ನಕಲು ವಿಭಾಗದ ಜಾಗ ಮಾತ್ರ ಬೋಳಾಗಿತ್ತು. ನಕಲಪ್ಪನವರ ಜೇಬಿನಲ್ಲಿ ಒಂದು ಹಳೆಯ ಹಾಳೆ ಇತ್ತು. ದಾಖಲೆ ಕೋಣೆಯ ಕಪಾಟಿನ ಧೂಳು ಕೊಡವುವಾಗ ಕಡತಗಳ ಅಡಿಗೆ ಹಾಸಿದ್ದ ಯಾವುದೋ ಪತ್ರಿಕೆಯ ಹಾಳೆ ಅದು. ಅದರಲ್ಲೊಂದು ಪುಟ್ಟ ಪದ್ಯ.

ಬಾಯಲ್ಲಿ ಕ್ಲಿಪ್ಪು ಕಚ್ಚಿ ನಿಂತವಳೇ,
ಏನೋ ಹೇಳಬೇಕಿತ್ತು ನೀನು.
ಬಟ್ಟೆಯೆಲ್ಲ ಒಣಗಿ, ಮಡಚಿಟ್ಟ ಮೇಲೂ
ಆ ಮಾತು ಹಗ್ಗದ ಮೇಲೇ ಉಳಿಯಿತು.

ಓದಿದ ಕೂಡಲೇ ನಕಲಪ್ಪನವರಿಗೆ ಮನೆಯ ತಾರಸಿಯೂ ಹೆಂಡತಿಯೂ ಕಣ್ಣ ಮುಂದೆ ಬಂದಿದ್ದರು. ಅದಕ್ಕೇ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡಿದ್ದರು. ಸೋಮವಾರ ಬೆಳಿಗ್ಗೆ ಬೇರೆ ದಾರಿ ಕಾಣದೆ ಅದನ್ನೇ ಒಂದು ಗಟ್ಟಿ ಕಾಗದದ ಮೇಲೆ ದುಂಡಗೆ ಬರೆದರು. ನಾಲ್ಕು ಸಾಲು ಮುಗಿದ ಮೇಲೆ ಮೂಲದಲ್ಲಿ 'ಹೊಲಿಗೆ ಟೀಚರ್' ಎಂದು ಬರೆದವರ ಹೆಸರಿತ್ತು. ಕಾಗದದಲ್ಲಿ ಉಳಿದಿದ್ದದ್ದು ಎರಡು ಬೆರಳಿನಷ್ಟು ಜಾಗ. ಅಲ್ಲಿ ಹೆಸರು ಹಿಡಿಸಬೇಕು, ಇಲ್ಲವೇ ಮೊಹರು ಹಿಡಿಸಬೇಕು. ಮೊಹರಿಲ್ಲದ ಕಾಗದ ನಕಲು ವಿಭಾಗದ ಬಾಗಿಲು ದಾಟುವುದುಂಟೇ? ಇಪ್ಪತ್ತಾರು ವರ್ಷ ಪಳಗಿದ ಕೈ ತಾನಾಗಿ ಮೇಲೆದ್ದು ಮೊಹರು ಒತ್ತಿತು, ಸಹಿಯನ್ನೂ ಹಾಕಿತು.

ಆ ಕಚೇರಿಯಲ್ಲಿ ನೀರಿನ ಹೂಜಿ ಬಿಟ್ಟರೆ ಉಳಿದೆಲ್ಲದರ ಮೇಲೂ ಆ ಮೊಹರು ಇದ್ದದ್ದರಿಂದ ಅದರಲ್ಲಿ ಏನಿದೆ ಎಂದು ಓದುವುದನ್ನು ಎಲ್ಲರೂ ಎಂದೋ ಬಿಟ್ಟಿದ್ದರು. ಸಾಹೇಬರು ಪದ್ಯ ಓದಿದರು, ಸಹಿ ನೋಡಿದರು, ನಕಲು ವಿಭಾಗದ ಒಳಕ್ಕೇ ನಡೆದು ಬಂದರು.

"ಏನ್ರೀ ನಕಲಪ್ಪ, ಇಷ್ಟು ದಿನ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ರಿ?" ಎಂದು ಕೈ ಹಿಡಿದು ಕುಲುಕಿದರು.

ಇಪ್ಪತ್ತಾರು ವರ್ಷದಲ್ಲಿ ಒಬ್ಬ ಸಾಹೇಬರೂ ಆ ಕೈ ಮುಟ್ಟಿರಲಿಲ್ಲ. 'ಇದು ನನ್ನದಲ್ಲ ಸಾರ್' ಎಂಬ ಮೂರು ಪದ ನಕಲಪ್ಪನವರ ಗಂಟಲವರೆಗೆ ಬಂದು, ಎದುರಿಗೆ ಸಾಹೇಬರನ್ನು ಕಂಡು, ನಾಚಿ ಹಿಂದಿರುಗಿದವು. ತಪ್ಪೆಂದರೆ ಅಷ್ಟೇ. ಬಾಯಿ ಬಿಡಬೇಕಾದ ಹೊತ್ತಿಗೆ ಬಿಡಲಿಲ್ಲ.

ಮುಂದಿನ ತಿಂಗಳು ಪದ್ಯ ಇಲಾಖೆಯ ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಪಕ್ಕದಲ್ಲಿ ನಕಲಪ್ಪನವರ ಗುರುತಿನ ಚೀಟಿಯ ಫೋಟೋ. ಪತ್ರಿಕೆ ಮನೆಗೆ ಬಂದ ದಿನ ಹೆಂಡತಿ ಅದನ್ನು ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದಳು.

"ರೀ, ಇದು ನಾನಾ?"

ನಕಲಪ್ಪನವರು ತಲೆಯನ್ನು ಮೇಲಕ್ಕೂ ಕೆಳಕ್ಕೂ ಅಲ್ಲದೆ, ಆ ಕಡೆ ಈ ಕಡೆಯೂ ಅಲ್ಲದೆ, ಗುಂಡಗೆ ಆಡಿಸಿದರು.

"ನೀವು ನನ್ನನ್ನ ನೋಡ್ತಾನೇ ಇಲ್ಲ ಅಂದ್ಕೊಂಡಿದ್ದೆ" ಎಂದಳು ಹೆಂಡತಿ. ಅವಳ ಕಣ್ಣು ತುಂಬಿತ್ತು.

ಅಂದಿನಿಂದ ಮನೆಯೇ ಬದಲಾಯಿತು. ಮೊದಲೆಲ್ಲ 'ಊಟ ಆಯ್ತಾ', 'ಬಾಗಿಲು ಹಾಕಿದ್ರಾ' ಎಂಬ ಎರಡು ಮಾತಿನಲ್ಲಿ ಇಡೀ ದಿನ ಮುಗಿಯುತ್ತಿತ್ತು. ಈಗ ತಾರಸಿಯಲ್ಲಿ ಬಟ್ಟೆ ಹರವುತ್ತಾ ಹೆಂಡತಿ ಬಾಯಲ್ಲಿದ್ದ ಕ್ಲಿಪ್ಪು ತೆಗೆದು ಮಾತಾಡತೊಡಗಿದಳು. ಚಿಕ್ಕವಳಿದ್ದಾಗ ಈಜು ಕಲಿಯಬೇಕೆಂದಿದ್ದು, ಮದುವೆಯಾದ ಹೊಸದರಲ್ಲಿ ಇವರ ಗೊರಕೆಗೆ ಹೆದರಿದ್ದು, ತನ್ನ ಅಮ್ಮನಿಗೆ ಹೇಳಬೇಕೆಂದಿದ್ದು ಹೇಳದೆಯೇ ಉಳಿದದ್ದು, ಎಲ್ಲ ಹೇಳಿದಳು. ನಕಲಪ್ಪನವರು ಒದ್ದೆ ಟವೆಲು ಹಿಡಿದುಕೊಂಡು ಕೇಳಿದರು. ಇಷ್ಟು ಮಾತು ಇವಳ ಒಳಗೆ ಇತ್ತೇ ಎಂದು ಅವರಿಗೆ ಆಶ್ಚರ್ಯ, ಸಂತೋಷ, ಅದರ ಬೆನ್ನಿಗೇ ಸಂಕಟ. ಏಕೆಂದರೆ ಈ ಸುಖವೆಲ್ಲ ಯಾರೋ ಹೊಲಿಗೆ ಟೀಚರದು.

ಆ ಸಂಕಟಕ್ಕೆ ಸರಿಯಾಗಿ ಮಾಸಪತ್ರಿಕೆಯ ಸಂಪಾದಕರಿಂದ ಒಂದು ನಮೂನೆ ಬಂತು. ಪದ್ಯವನ್ನು ವಾರ್ಷಿಕ ಸಂಕಲನಕ್ಕೆ ಆರಿಸಲಾಗಿದೆ, ಹತ್ತು ದಿನದೊಳಗೆ ಕೆಳಗಿನ ಘೋಷಣೆಗೆ ಸಹಿ ಮಾಡಿ ಕಳಿಸಿ: 'ಈ ಬರಹ ನನ್ನ ಸ್ವಂತದ್ದು. ಇದರಿಂದ ಬೇರೆ ಯಾರ ಹಕ್ಕುಸ್ವಾಮ್ಯಕ್ಕೂ ಧಕ್ಕೆಯಿಲ್ಲ. ತಪ್ಪಿದಲ್ಲಿ ಕಾನೂನು ಕ್ರಮಕ್ಕೆ ನಾನೇ ಹೊಣೆ.'

ನಕಲಪ್ಪನವರು ಅದನ್ನು ಮೂರು ಸಲ ಓದಿದರು. ಬಾಯಿ ಮುಚ್ಚಿಕೊಂಡು ಸುಳ್ಳು ಹೇಳುವುದು ಒಂದು. ನಮೂನೆಯಲ್ಲಿ ಸುಳ್ಳು ಬರೆಯುವುದು ಇನ್ನೊಂದು. ದೇವರ ಮುಂದೆ ಬೇಕಾದರೆ ಸುಳ್ಳು ಹೇಳಿಯಾರು, ನಮೂನೆಯಲ್ಲಿ ಹೇಳುವ ಜಾತಿಯೇ ಅಲ್ಲ ಅವರದು. ಸಹಿ ಹಾಕದಿದ್ದರೆ ಯಾಕೆಂದು ಕೇಳುತ್ತಾರೆ. ಕೇಳಿದರೆ ಹೆಂಡತಿಗೆ ತಿಳಿಯುತ್ತದೆ. ತಿಳಿದರೆ ಕ್ಲಿಪ್ಪು ಮತ್ತೆ ಬಾಯಿಗೆ ಹೋಗುತ್ತದೆ.

ಹಕ್ಕುಸ್ವಾಮ್ಯ ಎಂಬ ಪದ ತಲೆಗೆ ಹೊಕ್ಕ ಮೇಲೆ ನಕಲಪ್ಪನವರಿಗೆ ಲೋಕವೆಲ್ಲ ಕದ್ದ ಮಾಲಿನಂತೆ ಕಾಣತೊಡಗಿತು. ಗೋಡೆಯ ಕ್ಯಾಲೆಂಡರಿನ ಹುಲಿಯ ಚಿತ್ರ ಯಾರದೋ? ಬಚ್ಚಲಲ್ಲಿ ತಾವು ಗುನುಗುವ ಹಾಡು ಯಾರದೋ? ಗುನುಗುವುದನ್ನು ನಿಲ್ಲಿಸಿದರು. ಕ್ಷೌರದಂಗಡಿಯಲ್ಲಿ ಕೂತಾಗ ಕ್ಷೌರಿಕ ಶಿಳ್ಳೆಯಲ್ಲಿ ಒಂದು ಹಾಡು ನುಡಿಸುತ್ತಿದ್ದ.

"ಆ ಹಾಡು ಬರೆದವರನ್ನ ಕೇಳಿದ್ದೀಯೇನಪ್ಪಾ?" ಎಂದರು ತಲೆ ತಿರುಗಿಸಿ.

"ಅಣ್ಣಾ, ಕತ್ತರಿ ಕಿವಿ ಹತ್ರ ಇದೆ. ಅಲ್ಲಾಡಬೇಡಿ" ಎಂದ ಅವನು.

ಎಂಟು ದಿನ ಹೀಗೇ ಕಳೆಯಿತು. ಒಂಬತ್ತನೆಯ ದಿನ ಅವರ ತಲೆಯಲ್ಲಿ ಒಂದು ಮಿಂಚು. ಪತ್ರಿಕೆ ಅಷ್ಟು ಹಳೆಯದು. ಹಾಳೆ ಹಳದಿಯಾಗಿದೆ. ಅಂದ ಮೇಲೆ ಬರೆದವರು ಇನ್ನೂ ಇರುತ್ತಾರೆಯೇ? ಅವರೇ ಇಲ್ಲದ ಮೇಲೆ ಹಕ್ಕು ಎಲ್ಲಿಯದು? ಯಾವ ಜೀವಕ್ಕೂ ಕೆಟ್ಟದ್ದು ಬಯಸದ ನಕಲಪ್ಪನವರು, ಒಬ್ಬ ಹೊಲಿಗೆ ಟೀಚರ್ ಸತ್ತಿರಲಪ್ಪಾ ಎಂದು ಮನಸ್ಸಿನಲ್ಲೇ ಕೈ ಮುಗಿಯುತ್ತಾ ಜನನ ಮರಣ ವಿಭಾಗಕ್ಕೆ ಹೋಗಿ, ಮರಣದ ರಿಜಿಸ್ಟರುಗಳ ರಾಶಿಯ ಮುಂದೆ ಕೂತರು. 'ಉದ್ಯೋಗ' ಎಂಬ ಕಾಲಮ್ಮಿನ ಮೇಲೆ ಬೆರಳಿಟ್ಟು ಇಳಿಯುತ್ತಾ ಹೋದರು. ರೈತ, ಚಾಲಕ, ಗೃಹಿಣಿ, ಬಡಗಿ. ಮಧ್ಯಾಹ್ನದ ಊಟದ ಹೊತ್ತಿಗೆ ಹನ್ನೊಂದು ವರ್ಷದ ಹಿಂದಿನ ಒಂದು ಪುಟದಲ್ಲಿ ಬೆರಳು ನಿಂತಿತು: ಹೊಲಿಗೆ ಶಿಕ್ಷಕಿ.

"ಸತ್ತಿದ್ದಾರೆ!" ಎಂದು ಕೂಗಿದವರಿಗೆ ನೆಮ್ಮದಿಯಿಂದ ಕಣ್ಣಲ್ಲಿ ನೀರೇ ಬಂತು.

ಜನನ ಮರಣ ಮೇಡಂ ಊಟದ ಡಬ್ಬಿ ಮುಚ್ಚಿ ಓಡಿ ಬಂದರು. "ಅಯ್ಯೋ, ಯಾರು ಸಾರ್ ಅವರು ನಿಮಗೆ?"

"ಅವರು... ನನ್ನ ಪದ್ಯಕ್ಕೆಲ್ಲ ಅವರೇ ಕಾರಣ" ಎಂದರು ನಕಲಪ್ಪನವರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಮೇಡಂ ಅರ್ಧ ಗಂಟೆಯಲ್ಲಿ ಸುದ್ದಿಯನ್ನು ಮೂರು ಮಹಡಿಗೂ ಮುಟ್ಟಿಸಿದರು. ಮೊದಲ ಮಹಡಿಯಲ್ಲಿ ಟೀಚರ್ ನಕಲಪ್ಪನವರ ಗುರುವಾದರು. ಎರಡನೆಯದರಲ್ಲಿ ಸಾಕುತಾಯಿಯಾದರು. ಮೂರನೆಯ ಮಹಡಿಯಲ್ಲಿದ್ದ ಸಾಹೇಬರ ಕೋಣೆ ತಲುಪುವಷ್ಟರಲ್ಲಿ ಅವರು ನಾಡು ಮರೆತ ಮಹಾಕವಯಿತ್ರಿಯಾಗಿದ್ದರು.

"ಹನ್ನೊಂದು ವರ್ಷ ಆಯ್ತು, ಒಂದು ಸಂತಾಪ ಸಭೆ ಇಲ್ಲ!" ಎಂದು ಸಾಹೇಬರು ಮೇಜು ಗುದ್ದಿದರು. "ನಾಳೆ ಮೂರು ಗಂಟೆಗೆ ಸಭೆ. ಪೇಪರಿಗೆ ಕೊಡಿ. ನಕಲಪ್ಪ, ನಿಮ್ಮ ಮನೆಯವರನ್ನೂ ಕರ್ಕೊಂಡು ಬನ್ನಿ."

ನಕಲಪ್ಪನವರು ಮನೆಗೆ ಓಡಿ, ಪಕ್ಕದ ಮನೆಯ ಕೋರ್ಟು ತಾತನ ಜಗುಲಿ ಹತ್ತಿದರು. ನಿವೃತ್ತಿಯಾಗುವವರೆಗೆ ನ್ಯಾಯಾಲಯದಲ್ಲಿ ಕೇಸಿನ ಹೆಸರು ಕೂಗುತ್ತಿದ್ದ ತಾತ ಈಗಲೂ ಮಾತಾಡುವುದು ಕೂಗಿಯೇ.

"ತಾತ, ನನ್ನ ಸ್ನೇಹಿತರೊಬ್ಬರ ವಿಷಯ. ಬರೆದವರು ಸತ್ತುಹೋದ್ರೆ ಅವರ ಪದ್ಯ ಯಾರು ಬೇಕಾದ್ರೂ ತಗೋಬಹುದಲ್ವಾ?"

"ಏನು ಮಾತು ಅಂತ ಆಡ್ತೀಯೋ!" ತಾತನ ದನಿಗೆ ಎದುರು ಮನೆಯ ನಾಯಿ ಎದ್ದು ನಿಂತಿತು. "ಯಜಮಾನ ಸತ್ರೆ ಮನೆ ಬೀದಿಪಾಲಾಗುತ್ತಾ? ಮಕ್ಕಳಿಗೆ ಹೋಗುತ್ತೆ, ಮೊಮ್ಮಕ್ಕಳಿಗೆ ಹೋಗುತ್ತೆ. ಬರೆದವನು ಸತ್ತಮೇಲೂ ಎಷ್ಟೋ ದಶಕ ಆ ಹಕ್ಕು ಜೀವಂತ ಇರುತ್ತೆ. ಬದುಕಿದ್ರೆ ಒಬ್ಬರ ಕಾಲು ಹಿಡಿದ್ರೆ ಸಾಕು. ಸತ್ತಿದ್ರೆ ಇಡೀ ವಂಶದ ಕಾಲು ಹಿಡೀಬೇಕು. ನಿನ್ನ ಸ್ನೇಹಿತಂಗೆ ಹೇಳು, ಮೊದಲು ಒಪ್ಪಿಗೆ ಕೇಳ್ಬೇಕು. ಕೇಳಿದ ಮೇಲೂ ಹೆಸರು ಹಾಕ್ಬೇಕು."

"ಹೆಸರು ಹಾಕೋಕೆ ಕಾಗದದಲ್ಲಿ ಜಾಗ ಇಲ್ದಿದ್ರೆ?"

"ಜೈಲಲ್ಲಿ ಜಾಗ ಇರುತ್ತೆ" ಎಂದರು ತಾತ.

ಮರುದಿನ ಮೂರು ಗಂಟೆಗೆ ಕಚೇರಿಯ ಸಭಾಂಗಣ ತುಂಬಿತ್ತು. ಮಹಾಕವಯಿತ್ರಿಯ ಫೋಟೋ ಎಲ್ಲೂ ಸಿಗದ್ದರಿಂದ ಎದುರಿನ ದರ್ಜಿಯ ಅಂಗಡಿಯಿಂದ ಒಂದು ಹೊಲಿಗೆ ಯಂತ್ರ ತಂದು, ವೇದಿಕೆಯ ಮೇಲಿಟ್ಟು, ಅದಕ್ಕೇ ಹೂ ಏರಿಸಿದ್ದರು. ಜೇಬಿನಲ್ಲಿ ಒಂದು ಕಡೆ ಸಹಿಯಿಲ್ಲದ ನಮೂನೆ, ಇನ್ನೊಂದು ಕಡೆ ಮೂಲ ಹಾಳೆ ಇಟ್ಟುಕೊಂಡು ನಕಲಪ್ಪನವರು ಆ ಯಂತ್ರದ ಪಕ್ಕದಲ್ಲಿ ಕೂತಿದ್ದರು. ಮುಂದಿನ ಸಾಲಿನಲ್ಲಿ ಹೆಂಡತಿ, ಗಂಡನ ಗುರುವಿಗಾಗಿ ಕರವಸ್ತ್ರ ಸಿದ್ಧ ಮಾಡಿಕೊಂಡು ಕೂತಿದ್ದಳು.

ಸಾಹೇಬರು ಮುಕ್ಕಾಲು ಗಂಟೆ ಮಾತಾಡಿದರು. ಕೊನೆಗೆ, "ಅಂಥ ಗುರುವಿನ ಶಿಷ್ಯ ಬರೆದ ಸಾಲುಗಳನ್ನು ಕೇಳಿ" ಎಂದು ಪದ್ಯ ಹೇಳಲು ಶುರುಮಾಡಿ, ಮೂರನೆಯ ಸಾಲಿಗೆ ಮರೆತು ನಿಂತರು.

"ಬಟ್ಟೆಯೆಲ್ಲ ಒಣಗಿ... ಒಣಗಿ..."

"ಮಡಚಿಟ್ಟ ಮೇಲೂ, ಆ ಮಾತು ಹಗ್ಗದ ಮೇಲೇ ಉಳಿಯಿತು" ಎಂದು ಹಿಂದಿನ ಸಾಲಿನಿಂದ ಒಂದು ದನಿ ಬಂತು.

ಎಲ್ಲರೂ ತಿರುಗಿದರು. ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡ ಒಬ್ಬ ಮುದುಕಿ, ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು.

"ಮಾಸಪತ್ರಿಕೆಯಲ್ಲಿ ಓದಿದ್ರಾ ಅಮ್ಮ?" ಎಂದರು ಸಾಹೇಬರು ಖುಷಿಯಿಂದ.

"ಇಲ್ಲಪ್ಪಾ. ನಾನೇ ಬರೆದಿದ್ದೆ. ಹೊಲಿಗೆ ಟೀಚರಿಗೆ ಸಂತಾಪ ಅಂತ ಪೇಪರಲ್ಲಿ ನೋಡ್ದೆ. ಆ ಹೆಸರಲ್ಲಿ ಬರೀತಿದ್ದದ್ದು ನಾನೊಬ್ಬಳೇ. ಅದಕ್ಕೇ ನೋಡ್ಕೊಂಡು ಹೋಗೋಣ ಅಂತ ಬಂದೆ."

ಜನನ ಮರಣ ಮೇಡಂ ರಿಜಿಸ್ಟರನ್ನು ಎದೆಗವಚಿಕೊಂಡು ಎದ್ದು ನಿಂತರು. ಇಲಾಖೆಯ ಮಾನ ಅವರ ಕೈಯಲ್ಲಿತ್ತು.

"ಅದು ಹೇಗಮ್ಮಾ ಆಗುತ್ತೆ? ದಾಖಲೆ ಪ್ರಕಾರ ನೀವು ಹೋಗಿ ಹನ್ನೊಂದು ವರ್ಷ ಆಯ್ತು!"

"ಊರಿಗೆ ಒಬ್ಬಳೇ ಹೊಲಿಗೆ ಟೀಚರಾ? ಅವರು ಬೇರೆ ಯಾರೋ, ಪಾಪ. ನಾನು ಇಲ್ಲೇ ಇದ್ದೀನಲ್ಲ."

ಸಾಹೇಬರ ಮುಖ ಕೆಂಪಾಯಿತು. ತಮ್ಮ ಸಭೆಯನ್ನು ಸತ್ತವರೇ ಬಂದು ಕೆಡಿಸುವುದು ಅವರಿಗೆ ಸಹಿಸಲಾಗಲಿಲ್ಲ. "ನೋಡೀಮ್ಮಾ, ಈ ಪದ್ಯ ನಮ್ಮ ಕಚೇರಿಯವರದು. ಅಚ್ಚಾಗಿದೆ, ಫೋಟೋ ಇದೆ. ಇನ್ನೊಬ್ಬರ ಬರಹ ನಂದು ಅಂತ ಹೇಳೋದು ಅಪರಾಧ, ಗೊತ್ತಾ? ನಿಮ್ಮದು ಅನ್ನೋಕೆ ಏನು ಪುರಾವೆ ಇದೆ?"

ಮುದುಕಿ ಚೀಲದೊಳಗೆ ಕೈ ಹಾಕಿ, ಹಾಗೇ ಹೊರತೆಗೆದರು. "ಪುರಾವೆ ಎಲ್ಲಿಂದ ತರಲಿ? ಆ ಪತ್ರಿಕೆ ಎಂದೋ ನಿಂತುಹೋಯ್ತು. ನನ್ನ ಹತ್ರ ಒಂದು ಪ್ರತಿಯೂ ಉಳಿದಿಲ್ಲ."

"ಮತ್ತೆ ಸುಮ್ನೆ ಕೂತ್ಕೊಳ್ಳಿ!"

ಈಗ ಮುಂದಿನ ಸಾಲಿನಿಂದ ಹೆಂಡತಿ ಎದ್ದಳು. "ಅಮ್ಮಾ, ದೊಡ್ಡವರು ನೀವು, ಹೀಗೆಲ್ಲ ಹೇಳಬಾರ್ದು. ಅದು ನನ್ನ ಪದ್ಯ. ನಮ್ಮೆಜಮಾನ್ರು ನನ್ನ ನೋಡಿ ಬರೆದದ್ದು."

ನಕಲಪ್ಪನವರಿಗೆ ಆ ಮಾತು ನೆಟ್ಟಗೆ ಎದೆಗೆ ನಾಟಿತು. ಬಾಯಿ ಮುಚ್ಚಿಕೊಂಡಿದ್ದರೆ ಉಳಿಯಬಹುದಿತ್ತು. ಪುರಾವೆ ಇಡೀ ಲೋಕದಲ್ಲಿ ಒಂದೇ, ಅದೂ ತಮ್ಮದೇ ಜೇಬಿನಲ್ಲಿ. ಮುದುಕಿ ಚೀಲ ಎತ್ತಿಕೊಂಡು ಬಾಗಿಲ ಕಡೆ ಹೊರಟಿದ್ದರು. ಇನ್ನು ಹತ್ತು ಹೆಜ್ಜೆ ನಡೆದರೆ ಎಲ್ಲ ಮುಗಿಯುತ್ತಿತ್ತು. ನಕಲಪ್ಪನವರು ಏಳಲು ಹೋಗಿ ಹೊಲಿಗೆ ಯಂತ್ರಕ್ಕೆ ಮೊಣಕಾಲು ಬಡಿಸಿಕೊಂಡರು. ಅದರ ಚಕ್ರ ಗರಗರ ತಿರುಗಿ ಹೂವೆಲ್ಲ ಚೆಲ್ಲಿತು.

"ಮೂಲ ನನ್ನ ಹತ್ರ ಇದೆ!" ಎಂದು ಕಿರುಚಿದರು. "ಹೋಲಿಸಿ ನೋಡಬಹುದು!"

ಹಳದಿ ಹಾಳೆಯನ್ನು ಬಿಡಿಸಿ, ಕಚೇರಿಯಲ್ಲಿ ಓದುವ ಹಾಗೆ ಅಕ್ಷರ ಅಕ್ಷರ ಬಿಡಿಸಿ ಓದಿದರು. ನಾಲ್ಕು ಸಾಲು ಮುಗಿಸಿ, "ಕೆಳಗೆ ಬಲಗಡೆ, ಸಣ್ಣ ಅಕ್ಷರದಲ್ಲಿ: ಹೊಲಿಗೆ ಟೀಚರ್" ಎಂದರು. ಆಮೇಲೆ ಹೆಂಡತಿಯ ಕಡೆ ನೋಡಲಾಗದೆ ಮೈಕಿನ ಕಡೆ ನೋಡುತ್ತಾ, "ನಾನು ಬರೀಲಿಲ್ಲ. ನಕಲು ಮಾಡ್ದೆ" ಎಂದರು.

ಮುದುಕಿ ಹಿಂದಿರುಗಿ ವೇದಿಕೆ ಹತ್ತಿದರು. ಹಾಳೆಯನ್ನೂ, ಅಟೆಂಡರ್ ಗೋಡೆಯಿಂದ ಬಿಡಿಸಿ ತಂದ ಕಾಗದವನ್ನೂ ಪಕ್ಕ ಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ ನೋಡಿದರು.

"ಎಷ್ಟು ಚೆನ್ನಾಗಿ ಬರೆದಿದ್ದೀಯಪ್ಪಾ. ಒಂದು ಚುಕ್ಕೆ ತಪ್ಪಿಲ್ಲ. ಬಿಟ್ಟುಹೋಗಿರೋದು ನಾನೊಬ್ಬಳೇ."

ನಕಲಪ್ಪನವರು ಕೈ ಮುಗಿದರು. "ತಪ್ಪಾಯ್ತು ಅಮ್ಮ. ಯಾರನ್ನ ಕೇಳೋದು ಅಂತ..."

"ಬರೆದು ಜೇಬಲ್ಲಿ ಇಟ್ಕೊಂಡಿದ್ರೆ ನಾನು ಏನೂ ಅಂತಿರಲಿಲ್ಲ. ಹೆಂಡತಿಗೆ ಓದಿ ಹೇಳಿದ್ರೂ ಖುಷಿ ಪಡ್ತಿದ್ದೆ. ಗೋಡೆಗೆ ಅಂಟಿಸುವಾಗ, ಅಚ್ಚಿಗೆ ಕೊಡುವಾಗ ಬರೆದವಳನ್ನ ಹುಡುಕಬೇಡ್ವಾ?"

"ಹುಡುಕಿದೆ ಅಮ್ಮ."

"ಎಲ್ಲಿ?"

"ಮರಣದ ರಿಜಿಸ್ಟರಲ್ಲಿ."

"ಬದುಕಿರೋರನ್ನ ಅಲ್ಲಿ ಹುಡುಕಿದ್ರೆ ಹೇಗಪ್ಪಾ ಸಿಗ್ತಾರೆ?"

ಸಭೆ ನಕ್ಕಿತು. ಮೇಡಂ ಮಾತ್ರ ನಗಲಿಲ್ಲ, ರಿಜಿಸ್ಟರಿನಲ್ಲಿ ಏನನ್ನೋ ನೋಡುತ್ತಿದ್ದರು. ಟೀಚರ್ ಕೇಳಿದ್ದು ಎರಡೇ. ಮುಂದಿನ ಸಂಚಿಕೆಯಲ್ಲಿ ಅವರ ಹೆಸರು ಹಾಕಿ ತಿದ್ದುಪಡಿ ಬರಬೇಕು. ಸಂಕಲನಕ್ಕೆ ಹಾಕುವುದಿದ್ದರೆ ತಮ್ಮನ್ನು ಕೇಳಬೇಕು, ಕೇಳಿದರೆ ಬೇಡ ಅನ್ನುವುದಿಲ್ಲ. ಆಮೇಲೆ ಹಳದಿ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. "ಮೂಲ ನಾನು ತಗೊಂಡ್ ಹೋಗ್ತೀನಿ. ನಕಲು ನೀನಿಟ್ಕೋ" ಎಂದರು. ಹೋಗುವಾಗ ಯಂತ್ರದ ದಾರ ಸಿಕ್ಕಾಗಿದ್ದನ್ನು ಕಂಡು ಸರಿಮಾಡಿ ಹೋದರು. ನಾಳೆಯೊಳಗೆ ಲಿಖಿತ ಸಮಜಾಯಿಷಿ ಕೊಡಬೇಕೆಂದು ಸಾಹೇಬರು ನಕಲಪ್ಪನವರಿಗೆ ಹೇಳಿದರು. ಕೈ ಕುಲುಕಲಿಲ್ಲ.

ಸಮಜಾಯಿಷಿ ಬರೆಯುವುದು ನಕಲಪ್ಪನವರಿಗೆ ದೊಡ್ಡದಲ್ಲ. ದೊಡ್ಡದು ಮನೆಯಲ್ಲಿತ್ತು. ಹೆಂಡತಿ ಬೈಯಲಿಲ್ಲ, ಅಳಲಿಲ್ಲ, ತಟ್ಟೆ ಕುಕ್ಕಲಿಲ್ಲ. ಊಟ ಬಡಿಸಿದಳು, ಬಾಗಿಲು ಹಾಕಿದಳು. ಬೆಳಿಗ್ಗೆ ತಾರಸಿಗೆ ಹೋಗಿ ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡು ಬಟ್ಟೆ ಹರವಿದಳು. ನಕಲಪ್ಪನವರು ಟವೆಲು ಹಿಡಿದು ಪಕ್ಕದಲ್ಲಿ ನಿಂತರು. ಟವೆಲನ್ನು ಕೈಯಿಂದ ತೆಗೆದುಕೊಂಡಳು, ಅಷ್ಟೇ. ನಾಲ್ಕು ದಿನ ಹೀಗೆ. ಜೈಲೇ ವಾಸಿಯಿತ್ತು ಎಂದು ಅವರಿಗೆ ಅನ್ನಿಸಿತು.

ಐದನೆಯ ದಿನ ಭಾನುವಾರ. ನಕಲಪ್ಪನವರು ಒಂದು ಬಿಳಿ ಹಾಳೆ ಮುಂದಿಟ್ಟುಕೊಂಡು ಕೂತರು. ನೋಡಿ ಬರೆಯಲು ಎದುರಿಗೆ ಏನೂ ಇಲ್ಲದೆ ಹಾಳೆಯ ಮುಂದೆ ಕೂತದ್ದು ಅವರ ಜೀವಮಾನದಲ್ಲಿ ಅದೇ ಮೊದಲು. ಎರಡು ಗಂಟೆ ಬೆವರಿದರು. ಬರೆದದ್ದನ್ನು ಹೆಂಡತಿಯ ಕೈಗೆ ಕೊಟ್ಟು, ಬಾಗಿಲ ಹಿಂದೆ ಹೋಗಿ ನಿಂತರು. ಅವಳು ಓದಿದಳು.

ವಿಷಯ: ಮಾತು ನಿಂತುಹೋಗಿರುವ ಬಗ್ಗೆ.
ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಏನೆಂದರೆ,
ನಾಲ್ಕು ದಿನದಿಂದ ಮನೆಯಲ್ಲಿ ನೀರು ಬರುತ್ತಿದೆ, ದೀಪ ಉರಿಯುತ್ತಿದೆ,
ಆದರೂ ಏನೋ ಕಡಿತವಾಗಿದೆ.
ಆದ್ದರಿಂದ ತಾವು ದಯಮಾಡಿ
ಒಂದು ಮಾತು, ಬೈಗುಳವಾದರೂ ಸರಿ,
ಮಂಜೂರು ಮಾಡಬೇಕಾಗಿ ವಿನಂತಿ.

ಆಮೇಲೆ ಕೆಮ್ಮಿದಂತಾಯಿತು. ನಕಲಪ್ಪನವರು ಹೆದರಿ ಇಣುಕಿದರೆ, ಹೆಂಡತಿ ಸೆರಗು ಬಾಯಿಗೆ ತುಂಬಿಕೊಂಡು, ಸ್ಟೂಲಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು.

"ಇದನ್ನ ಎಲ್ಲಿಂದ ಕದ್ರಿ?"

"ಎಲ್ಲಿಂದಲೂ ಇಲ್ಲ. ನಂದೇ."

"ಅದು ಗೊತ್ತಾಗುತ್ತೆ ಬಿಡಿ. ಇಷ್ಟು ಕೆಟ್ಟದಾಗಿ ಬೇರೆ ಯಾರೂ ಬರೆದಿರೋಕೆ ಸಾಧ್ಯವೇ ಇಲ್ಲ" ಎಂದು ಮತ್ತೆ ನಕ್ಕಳು. ನಗು ನಿಂತ ಮೇಲೆ ಇನ್ನೊಮ್ಮೆ ಓದಿದಳು. ಈ ಸಲ ನಗಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಚಿ ತನ್ನ ಸೀರೆಗಳ ಕೆಳಗೆ ಇಟ್ಟು, ಬೀರುವಿಗೆ ಬೀಗ ಹಾಕಿದಳು.

ನಗು ಕೇಳಿ ಕೋರ್ಟು ತಾತ ಗೋಡೆಯ ಆ ಕಡೆಯಿಂದ ತಲೆಯೆತ್ತಿದರು. "ಏನಮ್ಮಾ, ಹೊಸ ಪದ್ಯವಾ? ಇಲ್ಲಿ ಕೊಡು, ಒಂದು ಕಾಪಿ ಬರ್ಕೊಂಡು ವಾಪಸ್ ಕೊಡ್ತೀನಿ."

"ಆಗಲ್ಲ ತಾತ" ಎಂದಳು ಹೆಂಡತಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ. "ಬರೆದವರು ಇನ್ನೂ ಬದುಕಿದ್ದಾರೆ."